ಐದನೆಯ ಪ್ರಶ್ನೆ

ಸಮುದಾಯ ಭವನದಲ್ಲಿ ಬಿಂಗೋ ಆಡುವ ಮೇಜುಗಳನ್ನೇ
ದೂರದೂರ ಎಳೆದಿಟ್ಟು ಪರೀಕ್ಷೆ.
ನೆಲಗಾವಲಿನ ಕೆಲಸಕ್ಕೆ ಅರ್ಜಿ ಹಾಕಿದ ನಾವು ಹನ್ನೊಂದು ಜನ.
ಹನ್ನೆರಡನೆಯವನು ನನ್ನ ಅಜ್ಜ ಆಂಬ್ರೋಸ್,
ಎಪ್ಪತ್ತಮೂರು ವರ್ಷ,
ಕನ್ನಡಕದ ಮುರಿದ ಕಾಲಿಗೆ ಮೀನುಬಲೆಯ ದಾರ.

ನಮಗೆ ಕಲಿಸಬೇಕಿದ್ದವನು ಅವನು.
ಯೆಲ್ಲೋನೈಫಿನ ವಿಮೆಯವರು ಕೇಳಿದರಂತೆ:
ಸರೋವರದ ಮೇಲೆ ಹುಡುಗರನ್ನು ಕರೆದೊಯ್ಯಲು
ಈ ಮನುಷ್ಯನ ಬಳಿ ಪ್ರಮಾಣಪತ್ರ ಇದೆಯೆ?
ಇರಲಿಲ್ಲ.
ಅರವತ್ತು ಚಳಿಗಾಲ ಇದ್ದವು,
ಅರ್ಜಿಗೆ ಲಗತ್ತಿಸಲು ಬರುವಂಥವಲ್ಲ.

ಐದನೆಯ ಪ್ರಶ್ನೆ: ಎಷ್ಟು ದಪ್ಪದ ಮಂಜುಗಡ್ಡೆಯ ಮೇಲೆ
ಒಬ್ಬ ಮನುಷ್ಯ ನಡೆಯಬಹುದು?
ಹತ್ತು ಸೆಂಟಿಮೀಟರು, ಬರೆದು ಮುಂದಿನದಕ್ಕೆ ಹೋದೆ.
ಅಜ್ಜ ಪೆನ್ನು ಹಿಡಿದು ಕೂತೇ ಇದ್ದ.
ಕಿಟಕಿಯಾಚೆ ನೋಡಿದ, ಗಾಳಿ ಯಾವ ಕಡೆಯದೆಂದು.
ಆಮೇಲೆ, ದೆನೆ ಮಾತಲ್ಲಿ ಯೋಚಿಸಿ ಇಂಗ್ಲಿಷಲ್ಲಿ ಬರೆದ:
ಯಾವ ತಿಂಗಳಿನದು?
ಅದರ ಕೆಳಗೆ: ಮೇಲೆ ಹಿಮ ಬಿದ್ದಿದೆಯೊ?
ಇನ್ನೂ ಕೆಳಗೆ, ಜಾಗ ಸಾಲದೆ, ಅಂಚಿನಲ್ಲಿ ಓರೆಯಾಗಿ:
ಆ ಮನುಷ್ಯನಿಗೆ ಏನು ಅವಸರ?

ಬೋಧಕ ಲಾಯ್ಡ್ ಕೆಟ್ಟವನಲ್ಲ.
ಹಾಳೆಯನ್ನು ಎರಡು ಸಲ ಓದಿ, ಅರ್ಧ ಅಂಕ ಕೊಟ್ಟು
ಹೊರಗೆ ಹೋಗಿ ಸಿಗರೇಟು ಹಚ್ಚಿದ.
ಅಜ್ಜನಿಗೆ ನಲವತ್ತೇಳು, ನನಗೆ ತೊಂಬತ್ತೊಂದು.
ಮನೆಗೆ ಹೋಗುವಾಗ ಸ್ನೋಮೊಬೈಲಿನಲ್ಲಿ ನನ್ನ ಹಿಂದೆ ಕೂತು
ಬೆನ್ನು ತಟ್ಟಿದ: ಜಾಣೆ.
ಮೀನಿನ ಮುಳ್ಳಿನಂತೆ ಆ ಮಾತು, ನುಂಗಲೂ ಇಲ್ಲ, ಉಗುಳಲೂ ಇಲ್ಲ.

ನವೆಂಬರಿನಲ್ಲಿ ಪ್ರಾಯೋಗಿಕ.
ಪಟ್ಟಿಯಲ್ಲಿ ಅಜ್ಜ 'ಸಹಾಯಕ'.
ನಾನು ಬೈರಿಗೆಯಿಂದ ಕೊರೆದು ಅಳತೆಗೋಲು ಇಳಿಬಿಟ್ಟೆ:
ಹದಿಮೂರು. ಇಪ್ಪತ್ತು ಹೆಜ್ಜೆಗೆ ಇನ್ನೊಂದು: ಹದಿಮೂರೂವರೆ.
ಅವನು ಸ್ಪ್ರೂಸ್ ಕೋಲು ಕುಟ್ಟುತ್ತ,
ನಿಂತು ಕೇಳುತ್ತ, ಮತ್ತೆ ಕುಟ್ಟುತ್ತ ಮುಂದೆ ಮುಂದೆ,
ಬಾಣಂತಿ ಮಲಗಿದ ಮನೆಯ ಬಾಗಿಲು ತಟ್ಟುವವನಂತೆ.

ತೊರೆ ಬಂದು ಸೇರುವ ಬಾಯಲ್ಲಿ ನಿಂತುಬಿಟ್ಟ.
ನನ್ನ ಗೋಲು ಹೇಳಿತು: ಹದಿನಾಲ್ಕು.
ಲಾಯ್ಡ್ ನಡೆಯಿರಿ ಎಂದು ಕೈ ಬೀಸಿದ.
ಅಜ್ಜ ಕೋಲನ್ನು ಅಡ್ಡ ಹಿಡಿದ, ಅಷ್ಟೆ.
ದಡ ಹಿಡಿದು ಸುತ್ತಿ ಹೋದೆವು. ಎರಡು ಗಂಟೆ ಹೋಯಿತು,
ಜುಪಾಂಕನ ಕಾಲ್ಬೆರಳು ಮರಗಟ್ಟಿತು, ಎಲ್ಲರೂ ಗೊಣಗಿದರು.
ಒಡೆಯುತ್ತಿತ್ತೋ ಇಲ್ಲವೋ, ಯಾರಿಗೂ ಗೊತ್ತಿಲ್ಲ.
ಒಡೆಯದ ಮಂಜುಗಡ್ಡೆಗೆ ಅಂಕ ಕೊಡುವವರು ಯಾರು?

ದಾಖಲೆ ಪುಸ್ತಕದಲ್ಲಿ 'ಇತರೆ' ಎಂಬ ಕಾಲಂ
ಕಿರುಬೆರಳಗಲ.
ಅಲ್ಲಿ ಇರುವೆಯಂಥ ಅಕ್ಷರದಲ್ಲಿ ಬರೆದೆ:
ಸದ್ದು ಟೊಳ್ಳು. ಆಂಬ್ರೋಸ್ ಕೇಳಿಸಿಕೊಂಡದ್ದು. ಸುತ್ತಿ ಹೋದೆವು.
ಮಾರನೆಯ ವರ್ಷ ಬಂದ ಹೊಸ ಪುಸ್ತಕದಲ್ಲಿ
ಅದೇ ಕಾಲಂ ಅಂಗೈಯಗಲ.
ಲಾಯ್ಡನನ್ನು ಕೇಳಿದರೆ, ಮುದ್ರಣದವರ ತಪ್ಪಿರಬೇಕು ಎಂದ.

ಅಜ್ಜ ಎರಡನೆಯ ಸಲ ಕೂತು ತೇರ್ಗಡೆಯಾದ.
ಐದನೆಯದಕ್ಕೆ ಏನು ಬರೆದೆ?
ಹತ್ತು.
ಸುಳ್ಳಲ್ಲವೆ ಅದು?
ಅವರಿಗೆ ಹತ್ತು ಬೇಕಿತ್ತು, ಕೊಟ್ಟೆ,
ನನ್ನ ಹತ್ತಿರ ಇನ್ನೂ ಇದೆ.

ಪ್ಲಾಸ್ಟಿಕ್ಕಿನಲ್ಲಿ ಬೆಸೆದುಕೊಟ್ಟ ಪ್ರಮಾಣಪತ್ರ
ಈಗ ಗುಡಿಸಲಿನ ಕಟ್ಟೆಯ ಮೇಲೆ.
ಅದರ ಮೇಲೆ ಬಿಳಿಮೀನು ಕೊಯ್ಯುತ್ತಾನೆ.
ಒಳ್ಳೆಯ ಕಾಗದ, ಎನ್ನುತ್ತಾನೆ, ನೀರು ಹಿಡಿಯುವುದಿಲ್ಲ.
ಸರ್ಕಾರದ ಮುದ್ರೆಯ ಮೇಲೆ ಹುರುಪೆ ಮಿನುಗುತ್ತದೆ.
ತೋಳಿನಿಂದ ಒರೆಸಿ,
ಇನ್ನೊಂದನ್ನು ಮಲಗಿಸುತ್ತಾನೆ.