ಕೊಡದ ಮಾತ್ರೆ

ಜೊಂಬಾ ಆಸ್ಪತ್ರೆ, ರಾತ್ರಿ ಪಾಳಿ.
'ಫಿರಿ' ಎಂದು ಕರೆದಳು ತಡಾಲ;
ಮೂರು ಹಾಸಿಗೆ ಓಗೊಟ್ಟವು.

ಫಿರಿ ಅಂದರೆ ಬೆಟ್ಟ, ಅವರ ನುಡಿಯಲ್ಲಿ.
ಯಾವ ಬೆಟ್ಟ? ಕೈಪಟ್ಟಿ ನೋಡು, ಹುಟ್ಟಿದ ವರ್ಷ ಕೇಳು.
'ನಿನ್ನೆಯೂ ಕೇಳಿದೆಯಲ್ಲ ಮಗಳೇ,
ರಾತ್ರೋರಾತ್ರಿ ಬೇರೆಯವನಾದೆನೆ?'

ಡಿಜಾಕ್ಸಿನ್. ಎಳ್ಳಿಗಿಂತ ತುಸು ದೊಡ್ಡದು.
ಚೀಟಿಯಲ್ಲಿ ಚುಕ್ಕೆ, ಚುಕ್ಕೆಯ ಮುಂದೆ ಸೊನ್ನೆ.
ಸೊನ್ನೆ ಕಾವಲುಗಾರ, ಎನ್ನುತ್ತಿದ್ದರು ಮಿಸೆಸ್ ಚಿಕೋಪ,
ಅವನಿಲ್ಲದಿದ್ದರೆ ಚುಕ್ಕೆ
ಕಳ್ಳನ ಹಾಗೆ ಕಣ್ತಪ್ಪಿಸುತ್ತದೆ.

ಎದೆಗೆ ಸ್ಟೆತೊಸ್ಕೋಪು. ಪೂರ್ತಿ ಒಂದು ನಿಮಿಷ.
ಐವತ್ತೆರಡು.
ಇನ್ನೊಮ್ಮೆ ಎಣಿಸಿದಳು, ತನ್ನ ಉಸಿರು ಬಿಗಿಹಿಡಿದು:
ಐವತ್ತೆರಡು.

ಮಾತ್ರೆ ಬಟ್ಟಲಲ್ಲೇ ಉಳಿಯಿತು.
ಡಾಕ್ಟರಿಗೆ ಫೋನು.
ಹಾಳೆಯಲ್ಲಿ ಅವಳ ಮೊದಲ ಸಹಿ,
ಅದರ ಪಕ್ಕ: 'ಕೊಟ್ಟಿಲ್ಲ.'

ಬೆಳಗಿನ ಜಾವ ಬೆಟ್ಟ ಎದ್ದು ಕೂತು
ಶೇಂಗಾಪುಡಿ ಹಾಕಿದ ಗಂಜಿ ಕೇಳಿತು.