ಹದಿಮೂರು ಚುಕ್ಕಿ, ಮೂರು ಗೀಟು

ಮೊದಲು ಬಂದದ್ದು ಜಗಳಕ್ಕೆ.
ಹೊಲಿಗೆ ಯಂತ್ರಕ್ಕೆ ನಾನು ಮೋಟಾರು ಕೂರಿಸಿದ ವಾರ
ಪೆನ್ಷನ್ ಮೊಹಲ್ಲಾದ ಅಂಗಡಿ ಬಾಗಿಲಲ್ಲಿ
ಗೊರಗುಟ್ಟುವ ರೇಡಿಯೋ ಹಿಡಿದು ನಿಂತಿದ್ದರು ಇನ್ನಾಸಪ್ಪ:
"ನಾಲ್ಕು ದಿನದಿಂದ ಹುಡುಕ್ತಿದೀನಿ, ನೀನೇನಾ ಅದು?
ಜಪಾನಿನವನೊಬ್ಬ ಮಾತಾಡ್ತಿದ್ದ,
ಮಧ್ಯೆ ನೀನು ಪ್ಯಾಂಟು ಹೊಲಿದೆ."

ಜೇಬಿನಿಂದ ಹುಣಸೆಬೀಜದಷ್ಟು ಕೆಪಾಸಿಟರ್ ತೆಗೆದು
ಮೋಟಾರಿನ ಹೊಟ್ಟೆಗೆ ಬೆಸೆದರು. ಚಹಾ ಕುಡಿದರು.
ಗೊರಗೊರ ಪೂರ್ತಿ ಹೋಗಲಿಲ್ಲ.
"ರಾತ್ರಿ ಎಂಟರಿಂದ ಒಂಬತ್ತು ನನಗೆ ಬಿಡು, ದಸ್ತಗೀರಣ್ಣ,
ಉಳಿದ ಇಪ್ಪತ್ಮೂರು ಗಂಟೆ ನಿನ್ನದೇ."
ಬಿಟ್ಟೆ.

ಮರುವಾರ ಹಾಯಿ ತಂದರು.
ಅಂಗಡಿಗಿಂತ ಅದೇ ದೊಡ್ಡದು; ಬೀದಿಗೆ ಹಾಸಿ ಅಳೆದೆ,
ಆಟೋಗಳು ಸುತ್ತಿ ಹೋದವು.
ನೌಕಾದಳದಲ್ಲಿ ತಂತಿ ಕುಟ್ಟುತ್ತಿದ್ದವರು,
ಪಂದ್ಯದ ದೋಣಿಯ ಹುಚ್ಚು ಅಲ್ಲೇ ಹತ್ತಿದ್ದು.
ಪಿಂಚಣಿ ಜೊತೆ ಅದನ್ನೂ ಹಾಸನಕ್ಕೆ ತಂದಿದ್ದರು,
ಸಮುದ್ರವೇ ಇಲ್ಲದ ಊರಿಗೆ.

ಸಾಲಗಾಮೆ ರಸ್ತೆಯಲ್ಲಿ ಸರ್ಕಾರದ ಬೆಳ್ಳನೆ ಬಟ್ಟಲುಗಳು
ಆಕಾಶಕ್ಕೆ ಬಾಯ್ದೆರೆದು ಉಪಗ್ರಹಗಳ ಮಾತು ಕೇಳುತ್ತವೆ.
ಇವರದು ಸಿಲ್ವರ್ ಓಕಿನಿಂದ ನೀರಿನ ಟ್ಯಾಂಕಿಗೆ ಕಟ್ಟಿದ ತಂತಿ,
ಹಗಲು ಅದರ ಮೇಲೆ ರೆಜಿನಮ್ಮನ ಸೀರೆ.
"ಅಷ್ಟು ಕುಟ್ಟಿ ಕುಟ್ಟಿ ಏನು ಕೇಳ್ತೀರಿ?" ಅಂದೆ.
"ಯಾರಾದ್ರೂ ಇದ್ದೀರಾ ಅಂತ."
"ಇದ್ರೆ?"
"ನಾನು ಹಾಸನದಲ್ಲಿದೀನಿ ಅಂತ ಹೇಳ್ತೀನಿ."
ಹಾಸನ ಅಂದರೆ ಅವರ ಲಿಪಿಯಲ್ಲಿ
ಹದಿಮೂರು ಚುಕ್ಕಿ, ಮೂರು ಗೀಟು.
ನನ್ನ ಕತ್ತರಿಯ ಹಿಡಿಯಿಂದ ಮೇಜಿಗೆ ಬಡಿದು ತೋರಿಸಿದರು.
ಬರೀ ಹೊಲಿಗೆಯಲ್ಲವೇ ಅದು, ಅಂದುಕೊಂಡೆ.

ಗೊರೂರಿನ ಹಿನ್ನೀರಲ್ಲಿ ಪಂದ್ಯ.
ಬೆಂಗಳೂರಿನ ಸೈನ್ಯದ ಹುಡುಗರದು ಎಂಟು ದೋಣಿ, ಇವರದೊಂದು.
ಎಲೆ ಅಲುಗದ ಮಧ್ಯಾಹ್ನ.
ಮಂಗಳೂರಿನ ರೇಡಿಯೋ ಗೆಳೆಯ ಬೆಳಗ್ಗೆಯೇ ಹೇಳಿದ್ದ,
ಕಡಲಲ್ಲಿ ಗಾಳಿ ಎದ್ದಿದೆ ಎಂದು.
ಇವರು ಬೆರಳು ಮಡಚಿ ಎಣಿಸಿದರು:
ಶಿರಾಡಿ ಹತ್ತಬೇಕು, ಸಕಲೇಶಪುರ ದಾಟಬೇಕು,
ಮೂರೂವರೆಗೆ ಇಲ್ಲಿ.
ಎಲ್ಲರಿಗೂ ಹೇಳಿದರು. ಯಾರೂ ನಂಬಲಿಲ್ಲ.
ಪಡುವಣ ದಡದಲ್ಲಿ ಒಬ್ಬರೇ ಕಾದರು.

ಮೂರು ನಲವತ್ತಕ್ಕೆ ನೀರು ಮೈ ಜುಮ್ಮೆಂದಿತು.
ದಡದಲ್ಲಿ ನಾನು ಟೋಪಿ ಹಿಡಿದುಕೊಂಡೆ.
ಹಾಯಿ ತುಂಬು ಬಸುರಿಯಂತೆ ಹೊರಟಿತು, ಎಲ್ಲರಿಗಿಂತ ಮುಂದೆ.
ಒಂದು ಕಡೆ ಮಾತ್ರ, ಯಾಕೋ,
ನೇರ ಹೋಗದೆ ಬಳಸಿಕೊಂಡು ಹೋದರು.
ಆಮೇಲೆ ಕೊನೆಯ ಬುರುಡೆಗೆ ನೂರು ಮಾರು ಇರುವಾಗ
ಚರ್ರ್ ಎಂದಿತು.
ನನ್ನದೇ ಹೊಲಿಗೆ.

ಆರನೆಯವರಾಗಿ ಬಂದರು, ನೆನೆದು, ನಗುತ್ತ:
"ಹತ್ತಿ ದಾರ ಕೊಟ್ಟವನು ನಾನು, ನೀನ್ಯಾಕೆ ಸಪ್ಪಗಿದೀಯ?"
ಬಳಸಿ ಹೋಗದಿದ್ದರೆ ಹರಿಯುವ ಮುಂಚೆಯೇ ಮುಟ್ಟುತ್ತಿದ್ದಿರಿ, ಅಂದೆ.
ಹಾಯಿ ಹಿಂಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದರು.
"ಅಲ್ಲಿ ಕೆಳಗೆ ನಮ್ಮ ಮನೆ.
ಅಣೆಕಟ್ಟು ತುಂಬಿದ ವರ್ಷ ಹೋಯ್ತು.
ಅವ್ವನ ಒಲೆ ಸರಿಯಾಗಿ ಆ ಜಾಗದಲ್ಲಿ.
ಒಲೆ ದಾಟ್ಕೊಂಡು ಹೋಗ್ತಾರೇನೋ?"

ಹೋದ ಮಾಗಿಯ ಒಂದು ಮಂಗಳವಾರ, ಎಂಟೂಕಾಲಕ್ಕೆ,
ಕಿವಿಗೆ ಹೆಡ್‌ಫೋನು ಹಾಕಿಕೊಂಡೇ.
ಅವರ ಬಳಗದವರು ಸತ್ತ ಅನ್ನುವುದಿಲ್ಲವಂತೆ,
ಕೀಲಿ ಮೌನವಾಯಿತು ಅನ್ನುತ್ತಾರಂತೆ.
ಆ ಹೊತ್ತಲ್ಲಿ ನನ್ನ ಮೋಟಾರು ನಿಂತಿತ್ತು.
ಅಷ್ಟು ಮಾತ್ರ ನಾನು ಆಣೆಯಿಟ್ಟು ಹೇಳಬಲ್ಲೆ.

ಮೊನ್ನೆ ರೆಜಿನಮ್ಮ ಹಾಯಿ ತಂದಿಟ್ಟರು:
"ಗಟ್ಟಿ ಬಟ್ಟೆ, ಸಂತೆ ಚೀಲ ಮಾಡಿಕೊಡು, ಇಲಿ ಕಡಿಯುತ್ತೆ."
ಒಂಬತ್ತು ಚೀಲವಾಯಿತು.
ದೋಣಿಯ ಕೆಂಪು ನಂಬರು
ಒಂದರ ಮೇಲೆ ಅರ್ಧ, ಇನ್ನೊಂದರ ಮೇಲೆ ಅರ್ಧ.
ಈ ಸಲ ನೈಲಾನ್ ದಾರ.
ಬಾಯಂಚಿಗೆ ಕೈಹೊಲಿಗೆ ಹಾಕಿದೆ:
ನಾಲ್ಕು ಗಿಡ್ಡ; ಒಂದು ಗಿಡ್ಡ, ಒಂದು ಉದ್ದ...
ಎಣಿಸುತ್ತ, ಮರೆತು, ಬಿಚ್ಚಿ, ಮತ್ತೆ ಎಣಿಸುತ್ತ.

ಎಂಟು ಹೊಡೆಯಿತು. ಸ್ವಿಚ್ಚು ಆರಿಸಿದೆ.
"ಯಾಕೆ ಸಾಹೇಬ್ರೆ, ಕರೆಂಟು ಹೋಯ್ತಾ?"
ಬ್ಲೌಸಿಗೆ ಕಾಯುತ್ತಿದ್ದ ಹುಡುಗಿ ಕೇಳಿದಳು.
ಇಲ್ಲಮ್ಮ, ಒಂದು ಗಂಟೆ ಕೂತ್ಕೋ, ಅಂದೆ.