ನಾಲ್ಕನೇ ಝೋನು

ಏಣಿ ಹಿಡಿ ಸಾಯಬಣ್ಣ, ಅಲುಗಾಡಿಸಬೇಡ.
ಇದು ನಿನ್ನ ಮೊದಲ ಸೈಟು, ನನ್ನದು ಎಷ್ಟನೆಯದೋ.
ಸೋಹಾರ್ ಬಂದರಿನ ಹಿಂದೆ, ಪೈಪು ಕಾರ್ಖಾನೆಯವರ ಕ್ಯಾಂಪು.
ಹೊರಗೆ ನಲವತ್ತೇಳು ಡಿಗ್ರಿ,
ಸೀಲಿಂಗಿನ ಒಳಗೆ ಎಷ್ಟೆಂದು ಯಾರೂ ಅಳೆದಿಲ್ಲ.

ನೋಡು, ಎರಡೇ ತಂತಿ.
ಕೆಂಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ,
ಅದಲುಬದಲಾದರೆ ಡಿಟೆಕ್ಟರು ಕಣ್ಣು ಬಿಟ್ಟುಕೊಂಡೇ ಕುರುಡು.
ಬಂದ ತಂತಿಗೆ ಒಂದು ಸ್ಕ್ರೂ,
ಹೋಗುವ ತಂತಿಗೆ ಇನ್ನೊಂದು.
ಕತ್ತರಿಸದೆ, ಸಿಪ್ಪೆ ಸುಲಿದು, ಕುಣಿಕೆ ಮಾಡಿ
ಒಂದಕ್ಕೇ ಸಿಕ್ಕಿಸಿದರೆ ಬೇಗ ಮುಗಿಯುತ್ತದೆ, ನಿಜ.
ಕತ್ತರಿಸು.
ನಾಳೆ ಸ್ಕ್ರೂ ಸಡಿಲವಾಗಿ ತಂತಿ ಕಳಚಿದರೆ
ಮುಂದಿನದೆಲ್ಲ ತುಂಡಾಗಬೇಕು,
ಪ್ಯಾನಲಿನಲ್ಲಿ ಹಳದಿ ದೀಪ ಹತ್ತಿ
ಯಾರಿಗಾದರೂ ಕಿರಿಕಿರಿಯಾಗಬೇಕು.
ನಡುವಿನಿಂದ ಕವಲು ತೆಗೆಯಬೇಡ ಮಾರಾಯ,
ಕವಲಿನಲ್ಲಿದ್ದವನು ಉದುರಿದರೆ ಎಲ್ಲಿಗೂ ಸುದ್ದಿ ಹೋಗುವುದಿಲ್ಲ.

"ಹೌದ್ರಿ ಅಣ್ಣಾ. ಮತ್ತ ಕಡೀದರಿಂದ ತಂತಿ ಎಲ್ಲಿಗ್ ಹೋಗ್ತದ್ರಿ?"

ಎಲ್ಲಿಗೂ ಇಲ್ಲ.
ಅಲ್ಲಿ ಇದನ್ನು ಕಟ್ಟಬೇಕು. ಅಕ್ಕಿಕಾಳಿಗಿಂತ ಚೂರು ದಪ್ಪ,
ಹಳದಿ, ನೇರಳೆ, ಕೆಂಪು ಪಟ್ಟಿ,
ಪಕ್ಕದಲ್ಲೊಂದು ಚಿನ್ನದ ಗೆರೆ.
ಗಲ್ಫಿನಲ್ಲಿ ನಮ್ಮ ಕೈಗೆ ಬರುವ ಚಿನ್ನ ಇಷ್ಟೇ, ಬೇಕಾದರೆ ನಗು.

ಗಂಗೊಳ್ಳಿಯಲ್ಲಿ ನನ್ನಪ್ಪ ದೋಣಿಯ ಅಂಚಿಗೆ ಕೂತು
ಗಾಳದ ದಾರವನ್ನು ತೋರುಬೆರಳ ಮೇಲೆ ಹಾಯಿಸಿ ಹಿಡಿಯುತ್ತಿದ್ದ.
ತುದಿಯಲ್ಲಿ ಸೀಸದ ಗುಂಡು.
ಅದರ ಭಾರ ಬೆರಳಿಗೆ ತಾಗುತ್ತಿದ್ದರೆ ದಾರ ಇದೆ.
ಭಾರ ಹೋಯಿತೋ, ಎಲ್ಲೋ ಕಡಿಯಿತು.
ಜಗ್ಗಿತೋ, ಮೀನು.
ಪ್ಯಾನಲು ಹಗಲೂ ರಾತ್ರಿ ಹಾಗೆ ಬೆರಳು ಚಾಚಿ ಕೂತಿರುತ್ತದೆ.
ಇಷ್ಟೇ ಈ ವಿದ್ಯೆ. ಉಳಿದದ್ದು ಸ್ಕ್ರೂಡ್ರೈವರು.

ಇದೆಲ್ಲ ನಾನು ಹೇಳಿದ್ದು ಬೆಳಿಗ್ಗೆ ಒಂಬತ್ತಕ್ಕೆ.

ಹತ್ತೂವರೆಗೆ ನಾಲ್ಕನೇ ಝೋನು: ಅಡುಗೆಮನೆ,
ಅದರ ಹಿಂದಿನ ಹನ್ನೊಂದು ಕೋಣೆ.
ಒಂದು ಡಿಟೆಕ್ಟರು ತಿರುಗಿಸಿ ಕಳಚಿ "ದೀಪ ನೋಡೋ" ಎಂದು ಕೂಗಿದೆ.
"ಹಸಿರೇ ಅದರಿ."
ಇನ್ನೊಂದು ಕಳಚಿದೆ.
"ಹಸಿರೇ ಅದ."
ಅಷ್ಟನ್ನೂ ಮಾವಿನಕಾಯಿಯ ಹಾಗೆ ಕಿತ್ತು ಬಕೀಟಿಗೆ ಹಾಕಿದೆ.
ಹಸಿರೇ.

ಪ್ಯಾನಲಿನ ಬಾಗಿಲು ತೆರೆದರೆ
ನಾಲ್ಕನೇ ಟರ್ಮಿನಲಿನಲ್ಲೇ ಕೂತಿತ್ತು
ಹಳದಿ, ನೇರಳೆ, ಕೆಂಪು, ಚಿನ್ನ.
ಕೇಬಲ್ಲು ಮೂಲೆಯಲ್ಲಿ ಸುರುಳಿ ಸುತ್ತಿ,
ಬಾಯಿಗೆ ಟೇಪು ಹಚ್ಚಿಸಿಕೊಂಡು ಮಲಗಿತ್ತು.
ಯಾರೋ ದಾರ ಕೊಯ್ದು
ಗುಂಡನ್ನು ಬೆರಳಿಗೇ ಕಟ್ಟಿ ಹೋಗಿದ್ದ.
ಆರು ವರ್ಷ ಬೆರಳಿಗೆ ಭಾರ ತಪ್ಪಿರಲಿಲ್ಲ.

ಬಾಗಿಲ ಒಳಬದಿಗೆ ಸರ್ವೀಸಿನ ಚೀಟಿ.
ಮೂರು ತಿಂಗಳಿಗೊಂದು ಸಹಿ, ಎಲ್ಲ ಸರಿ, ಎಲ್ಲ ಸರಿ.
ಇಪ್ಪತ್ತಮೂರರಲ್ಲಿ ಒಂಬತ್ತನೆಯದು ನನ್ನದು.
ರಂಜಾನಿನ ಕೊನೆಯ ಗುರುವಾರ,
ಇನ್ನೂ ನಾಲ್ಕು ಕ್ಯಾಂಪು ಬಾಕಿ,
ದೀಪ ನೋಡಿದ್ದೆ.
ಸಾಯಬಣ್ಣನಿಗೆ ಇಂಗ್ಲಿಷು ಓದಲು ಬರುತ್ತದೆ.
ಓದಿದ. ಏನೂ ಅನ್ನಲಿಲ್ಲ.
ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡ.

ಸಂಜೆಯೊಳಗೆ ಹೊಸ ಕೇಬಲ್ಲು ಎಳೆದೆವು.
ಕೊನೆಯ ಕೋಣೆಯ ಕೊನೆಯ ಬೇಸಿನಲ್ಲಿ
ಗುಂಡನ್ನು ಅವನ ಕೈಯಲ್ಲೇ ಕಟ್ಟಿಸಿದೆ.
ಪರೀಕ್ಷೆಯ ಹೊಗೆಡಬ್ಬಿ ಖಾಲಿ.
ಅಡುಗೆಯ ಮೊತಾಲೆಬ್ ಊದುಬತ್ತಿ ತಂದುಕೊಟ್ಟ, ಮಲ್ಲಿಗೆಯದು.

ಗಂಟೆ ಹೊಡೆಯಿತು.

ರಾತ್ರಿಪಾಳಿಯವರು ನಿದ್ದೆಯಿಂದೆದ್ದು ಲುಂಗಿ ಹಿಡಿದುಕೊಂಡು ಓಡಿ ಬಂದರು,
ನೀರಿನ ಟ್ಯಾಂಕಿನ ನೆರಳಿಗೆ ಸಾಲಾಗಿ ನಿಂತರು.
ಒಬ್ಬನ ಕೈಯಲ್ಲಿ ಪಾಸ್‌ಪೋರ್ಟಿನ ನಕಲು, ಒಬ್ಬನ ಕೈಯಲ್ಲಿ ಕುಕ್ಕರು.
ಏನು ಸುಟ್ಟಿತು ಎಂದರು.
"ಊದಿನಕಡ್ಡಿ" ಎಂದ ಸಾಯಬಣ್ಣ.
ಬೈದರು. ನಾಲ್ಕು ಭಾಷೆಯಲ್ಲಿ ಬೈದರು.
ಬೈಸಿಕೊಳ್ಳುತ್ತಲೇ ಎಣಿಸಿದೆ: ನಲವತ್ತಮೂರು.
ಮೇಸ್ತ್ರಿಯ ಪಟ್ಟಿಯಲ್ಲಿ ನಲವತ್ತನಾಲ್ಕು.

ಸಾಯಬಣ್ಣ ಬಾಯಿ ತೆರೆಯುವ ಮೊದಲೇ
ನಾನು ಒಳಕ್ಕೆ ಓಡಿದೆ,
ಒಂದೊಂದೇ ಬಾಗಿಲು ತಟ್ಟುತ್ತ.